ಬುವಾಲೈಯ ಊರ ಮಾತು

ಮೊದಲ ಬಡಿತಕ್ಕೇ ಸುಗಂಧಿಯ ಕೈಯಲ್ಲಿದ್ದ ಜರಡಿ ನಿಂತಿತು. ನೆಲದ ಮೇಲೆ ಹಾಸಿದ್ದ ಪೇಪರಿನಲ್ಲಿ ಅರ್ಧ ಹಿಟ್ಟು ಬಿದ್ದಿತ್ತು, ಉಳಿದರ್ಧ ಹುಳಗಳ ಜೊತೆ ಜರಡಿಯಲ್ಲೇ ಇತ್ತು. ಎದುರಿಗೆ ಕುಳಿತಿದ್ದ ಬುವಾಲೈ ಎದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಾಗಿಲು ಬಡಿದಾಗ ಹೀಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ಇರಾಕಿ ಸೈನಿಕರು ಗಡಿ ದಾಟಿ ಬಂದು ಈ ಪುಟ್ಟ ಕೊಲ್ಲಿ ದೇಶವನ್ನು ಹಿಡಿದ ಮೇಲೆ ಅಬು ಹಲೀಫಾದ ಈ ಮೂರನೆಯ ಮಹಡಿಯ ಮನೆಯಲ್ಲಿ ಎಷ್ಟೋ ಸಂಗತಿಗಳು ಹೀಗೆ ತಾವಾಗಿಯೇ ರೂಢಿಯಾಗಿದ್ದವು.

"ಅಕ್ಕಾ, ನಾನು. ಕಾಂತಪ್ಪ."

ಸುಗಂಧಿ ಉಸಿರು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಕಾಂತಪ್ಪ ಬೇಕರಿಯ ವ್ಯಾನು ಓಡಿಸುವವನು, ಕಾಪುವಿನ ಕಡೆಯವನು. ಅವಳ ಗಂಡ ಭೋಜ ಹೋಟೆಲೊಂದರ ಸ್ಟೋರು ನೋಡಿಕೊಳ್ಳುತ್ತಿದ್ದಾಗ ಅಲ್ಲಿಗೆ ಬ್ರೆಡ್ಡು ತಂದುಹಾಕುತ್ತಿದ್ದ ಪರಿಚಯ. ತಂದೆಯ ಬೊಜ್ಜಕ್ಕೆಂದು, ಉತ್ತರಕ್ರಿಯೆಗೆಂದು, ಭೋಜ ಜುಲೈ ಕೊನೆಗೆ ಊರಿಗೆ ಹೋದ. ಅವನು ಹಿಂತಿರುಗುವ ಮೊದಲೇ ವಿಮಾನ ನಿಂತಿತು, ಫೋನು ಸತ್ತಿತು. ಅಂದಿನಿಂದ ಕಾಂತಪ್ಪ ಈ ದಾರಿಯಲ್ಲಿ ಬಂದಾಗಲೆಲ್ಲ ಮೇಲೆ ಹತ್ತಿ ಬಂದು ಎರಡು ಕುಬ್ಬೂಸ್ ರೊಟ್ಟಿ ಕೊಟ್ಟು ಹೋಗುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಇವತ್ತೂ ಹೊಸ್ತಿಲ ಹೊರಗೇ ನಿಂತ. ಸುಗಂಧಿಯ ಹಿಂದೆ ಬಂದು ನಿಂತ ಮಗುವನ್ನು ನೋಡಿ ತುಳುವಿಗೆ ತಿರುಗಿದ.

"ಅಕ್ಕಾ, ಒಂಜಿ ಸುದ್ದಿ ಉಂಡು."

ಸಬ್ಹಾನಿನಲ್ಲಿ ಥಾಯ್ ಕೂಲಿಯವರ ಕ್ಯಾಂಪು ಇದೆಯಲ್ಲ, ಅದನ್ನು ಇವತ್ತು ಖಾಲಿ ಮಾಡುತ್ತಾರಂತೆ. ಬಸ್ಸು ಬಂದು ನಿಂತಿದೆ. ಮೊದಲು ಬಾಗ್ದಾದಿಗೆ, ಅಲ್ಲಿಂದ ಜೋರ್ಡಾನಿಗೆ. ನಿಮ್ಮ ಒಳಗಿರುವವಳೂ ಆ ದೇಶದವಳೇ ಅಲ್ಲವಾ ಎಂದು ಅವನು ಕೇಳಿದ.

"ಅವಳ ಹತ್ತಿರ ಪಾಸ್‌ಪೋರ್ಟ್ ಇಲ್ಲ," ಸುಗಂಧಿಯೂ ತುಳುವಿನಲ್ಲೇ ಹೇಳಿದಳು. "ಅದು ಅವಳ ಯಜಮಾನ, ಆ ಕಫೀಲ್‌ನ ಕಪಾಟಿನಲ್ಲಿ. ಅವರೆಲ್ಲ ಸೌದಿಗೆ ಓಡಿ ಹೋಗಿದ್ದಾರೆ."

"ಇಲ್ಲದವರು ಬೇರೆಯೂ ಇದ್ದಾರಂತೆ. ಇವಳು ನಮ್ಮವಳು ಅಂತ ಅವರ ಫೋರ್‌ಮನ್ ಹೇಳಿದರೆ ಸಾಕಂತೆ. ಇವತ್ತು ತಪ್ಪಿದರೆ ಮತ್ತೆ ಯಾರೂ ಇಲ್ಲ ಅಕ್ಕ, ಕ್ಯಾಂಪೇ ಇರುವುದಿಲ್ಲ. ನಾನು ಆ ಕಡೆಗೇ ಹೋಗುವವನು. ಕೆಳಗೆ ಕಾಯುತ್ತೇನೆ."

"ನಮ್ಮ ಬಸ್ಸು?"

"ಇಂಡಿಯಾದವರ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆಸಿ ಆಗಿದೆ. ಯಾವಾಗ ಅಂತ ದೈವಕ್ಕೇ ಗೊತ್ತು."

ಅವನು ಇಳಿದು ಹೋದ. ಅಕ್ಷಯಾ ತಾಯಿಯ ಮುಖ ನೋಡಿದಳು. ಆರು ವರ್ಷದ ಹುಡುಗಿ. "ವಾಟ್ ಡಿಡ್ ಹಿ ಸೇ?"

"ಏನಿಲ್ಲ ಮಗಾ. ಕುಬ್ಬೂಸ್ ಕೊಟ್ಟು ಹೋದ್ರು."

ಹುಡುಗಿ ಇನ್ನೇನೋ ಕೇಳಲು ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡಳು. ಈಚೆಗೆ ಹೀಗೆಯೇ. ತುಳು ಅವಳಿಗೆ ಬಾರದು. ಅದು ಭೋಜನ ನಿರ್ಧಾರ. ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಬೆಂಗಳೂರು ಕಡೆಯ ಎಂಜಿನಿಯರೊಬ್ಬರ ಹೆಂಡತಿ, "ನಿಮ್ಮ ಕನ್ನಡ ಕೇಳಿದ್ರೆ ಯಕ್ಷಗಾನ ನೋಡ್ದಂಗಾಗುತ್ತೆ ಕಣ್ರೀ!" ಎಂದು ಎಲ್ಲರೆದುರು ನಕ್ಕಿದ್ದಳು. ಭೋಜನೂ ನಕ್ಕಿದ್ದ. ಮನೆಗೆ ಬಂದವನೇ, "ಬಾಲೆಯ ಹತ್ತಿರ ತುಳು ಬೇಡ. ಕನ್ನಡ, ಇಂಗ್ಲಿಷು ಸಾಕು. ನಾಲಿಗೆ ಹಾಳಾಗುತ್ತದೆ," ಎಂದಿದ್ದ. ಹಾಗಾಗಿ ತುಳು ಗಂಡ ಹೆಂಡತಿಯ ನಡುವಿನದಾಯಿತು. ಸಂಬಳ ತಡವಾದದ್ದು, ಮಾವ ತೀರಿಕೊಂಡದ್ದು, ಈಗ ಯಾವ ರಸ್ತೆಯಲ್ಲಿ ಗುಂಡು ಹಾರಿತೆಂದು ಕಾಂತಪ್ಪ ತರುವ ಸುದ್ದಿ, ಎಲ್ಲವೂ ತುಳುವಿನಲ್ಲೇ. ದೊಡ್ಡವರು ಆ ಮಾತಿಗಿಳಿದರೆ ತನ್ನ ಮುಂದೆ ಬಾಗಿಲು ಹಾಕಿಕೊಂಡಂತೆ ಎಂದು ಮಗುವಿಗೆ ಗೊತ್ತಿತ್ತು. ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಅಕ್ಷಯಾ ಬಚ್ಚಲಿನ ಬಾಗಿಲಿಗೆ ಹೋಗಿ ಬೆರಳಿನಿಂದ ಕುಟ್ಟಿ ಏನೋ ಹೇಳಿದಳು. ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಎಳೆದು ಎಳೆದು, ಕೊನೆಯಲ್ಲಿ ಮೇಲಕ್ಕೆ ತೇಲಿಸಿ ಹೇಳುವ ಮಾತು. ಒಳಗಿನಿಂದ ಅದೇ ಧಾಟಿಯಲ್ಲಿ ಉತ್ತರ ಬಂತು. ಚಿಲಕ ತೆರೆಯಿತು.

ಬುವಾಲೈ ಸಿಕ್ಕಿದ್ದು ಜಮಿಯಾ ಅಂಗಡಿಯ ಸಾಲಿನಲ್ಲಿ. ಸಮುದ್ರದ ಕಡೆಯ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದವಳು. ಯಜಮಾನರು ರಾತ್ರೋರಾತ್ರಿ ಕಾರು ಹತ್ತಿ ಹೋದಾಗ ಇವಳನ್ನು ಎಬ್ಬಿಸಲು ಯಾರಿಗೂ ನೆನಪಾಗಲಿಲ್ಲ. ಆ ಖಾಲಿ ಮನೆಗೆ ಸೈನಿಕರು ಬಂದು ಸೇರಿದ ದಿನ ಅವಳು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಬಿದ್ದಳು. ಸುಗಂಧಿ ಕರೆದುಕೊಂಡು ಬಂದಳು. ಇಬ್ಬರ ನಡುವೆ ಇದ್ದದ್ದು ಮುರಿದ ಅರಬಿಯ ಹಿಡಿಯಷ್ಟು ಶಬ್ದಗಳು. ಬಾ, ಹೋಗು, ನೀರು, ಅನ್ನ, ಖಲಾಸ್. ಅಷ್ಟರಲ್ಲೇ ದಿನ ಕಳೆಯುತ್ತಿತ್ತು. ಮಗುವಿನೊಡನೆ ಮಾತ್ರ ಬುವಾಲೈ ಅರಬಿ ಆಡಲಿಲ್ಲ. ಬೆಳಿಗ್ಗೆ ಎದ್ದು ಬಾಲ್ಕನಿಗೆ ಓಡುವ ಹುಡುಗಿಯನ್ನು, "ಪೈ ಸೈ, ಈಲಾ? ಕಿನ್ ಖಾವ್ ಲೆವ್ ಬೋ?" ಎಂದು ಗದರುತ್ತಿದ್ದಳು. ಎಲ್ಲಿಗೆ ಹೊರಟೆ ಪುಟ್ಟೀ, ಅನ್ನ ಉಂಡೆಯಾ ಎಂದು. ಅನ್ನವನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸುಟ್ಟ ಒಣಮೀನು ತಾಗಿಸಿ ಬಾಯಿಗಿಡುತ್ತಿದ್ದಳು. ತಟ್ಟೆಯ ಮುಂದೆ ಅಳುತ್ತಿದ್ದ ಹುಡುಗಿ ಅದನ್ನು ತಿಂದಳು. ಅನ್ನದ ಜೊತೆಗೆ ಮಾತೂ ಒಳಗೆ ಹೋಯಿತು. ಆ ಮಾತು ಅವಳಿಂದ ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಇಬ್ಬರೂ ಬಾಲ್ಕನಿಯಲ್ಲಿ ಕುಳಿತು ಹರಟುವುದನ್ನು ಸುಗಂಧಿ ಅಡುಗೆಮನೆಯಿಂದ ಕೇಳುತ್ತಿದ್ದಳು. ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಮನೆಯಲ್ಲಿ ದನಿಗಳಿದ್ದವು.

ಸುಗಂಧಿ ಕೂತು ಜರಡಿಯಲ್ಲಿ ಉಳಿದ ಹಿಟ್ಟನ್ನು ಪೂರ್ತಿ ಗಾಳಿಸಿದಳು. ಅವಸರವಿಲ್ಲದೆ ಗಾಳಿಸಿದಳು. ಬುವಾಲೈ ಎದುರಿಗೆ ಕೂತು ಮತ್ತೆ ಹುಳ ಹೆಕ್ಕತೊಡಗಿದಳು. ಕೆಳಗೆ ವ್ಯಾನಿನ ಹಾರ್ನು ಒಮ್ಮೆ ಕೂಗಿತು. ಹೇಳದೆ ಇದ್ದರೆ ಇವಳಿಗೆ ಗೊತ್ತಾಗುವುದೇ ಇಲ್ಲ, ಎಂದು ಸುಗಂಧಿಗೆ ಹೊಳೆಯಿತು. ಸಂಜೆ ಮೂವರೂ ಕೂತು ಉಣ್ಣಬಹುದು. ಹಾರ್ನು ಇನ್ನೊಮ್ಮೆ ಕೂಗಿತು. ಅವಳು ಬುವಾಲೈಯ ಮೊಣಕೈ ಹಿಡಿದಳು.

"ಬಸ್ಸು. ಥಾಯ್ಲೆಂಡ್. ಇವತ್ತು. ಯಲ್ಲಾ." ಹೊರಡು ಎಂದು.

ಬುವಾಲೈ ಮೊದಲು ನಂಬಲಿಲ್ಲ. ನಂಬಿದ ಮೇಲೆ ಎದ್ದು ಮುಖ ತೊಳೆದಳು, ಕೂದಲು ಒದ್ದೆ ಮಾಡಿ ಬಿಗಿಯಾಗಿ ಕಟ್ಟಿದಳು, ಹಳೆಯ ಯಜಮಾನಿ ಕೊಟ್ಟಿದ್ದ ಉದ್ದ ತೋಳಿನ ಅಂಗಿ ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತು ಮೆಲ್ಲಗೆ ಏನನ್ನೋ ಒಪ್ಪಿಸತೊಡಗಿದಳು. ಅದು ಅವಳ ದನಿಯಾಗಿರಲಿಲ್ಲ. ಪ್ರತಿ ಶಬ್ದವನ್ನೂ ಬೇರೆ ಬೇರೆಯಾಗಿ ನೆಟ್ಟಗೆ ನಿಲ್ಲಿಸಿದಂತಿತ್ತು. ಅಕ್ಷಯಾ ಮುಖ ಕಿವುಚಿದಳು.

"ಬುವಾ ಆಂಟಿ ಈಸ್ ಟಾಕಿಂಗ್ ಲೈಕ್ ರೇಡಿಯೋ."

ಬುವಾಲೈ ಸುಗಂಧಿಯ ಕಡೆ ತಿರುಗಿ ವಿವರಿಸಲು ನೋಡಿದಳು. "ಮದ್ರಸಾ," ಎಂದಳು. ಶಾಲೆ. ಎದೆ ಮುಟ್ಟಿಕೊಂಡು, "ಕಲಾಮ್ ಬೈತ್... ಮು ಜೇನ್." ಮನೆಯ ಮಾತು, ಒಳ್ಳೆಯದಲ್ಲ. ಆಮೇಲೆ ಅಂಗೈ ಚಾಚಿ, ಇನ್ನೊಂದು ಕೈಯಿಂದ ಅದರ ಮೇಲೆ ಬೆತ್ತದಲ್ಲಿ ಹೊಡೆದಂತೆ ತೋರಿಸಿ ನಕ್ಕಳು. ಸುಗಂಧಿಗೆ ಅರ್ಥವಾಯಿತು. ಅವಳ ಶಾಲೆಯಲ್ಲೂ ಟೀಚರು ತುಳು ಆಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದನ್ನು ಹೇಳಲು ಬೇಕಾದ ಅರಬಿ ಅವಳ ಹತ್ತಿರ ಇರಲಿಲ್ಲ. ಅಂಗೈ ಚಾಚಿ ತಾನೂ ಹೊಡೆದು ತೋರಿಸಿದಳು.

ವ್ಯಾನಿನಲ್ಲಿ ಕಾಂತಪ್ಪನ ಪಕ್ಕ ಸುಗಂಧಿ, ಅವಳ ತೊಡೆಯ ಮೇಲೆ ಅಕ್ಷಯಾ. ಹಿಂದೆ ಬ್ರೆಡ್ಡಿನ ತಟ್ಟೆಗಳ ನಡುವೆ ಬುವಾಲೈ. ಚೆಕ್‌ಪೋಸ್ಟಿನ ಸೈನಿಕ ಒಳಗಿಣುಕಿದ. ಕಾಂತಪ್ಪ ಕುಬ್ಬೂಸಿನ ಕಟ್ಟು ಕೊಟ್ಟ. ಅವನು ಅದನ್ನು ಮೂಸಿ ನೋಡಿ, ಹೋಗಿ ಎಂದು ಕೈ ಬೀಸಿದ.

ಸಬ್ಹಾನಿನ ಗೋದಾಮುಗಳ ನಡುವೆ ತಗಡಿನ ಶೆಡ್ಡುಗಳ ಮುಂದೆ ಎರಡು ಬಸ್ಸುಗಳು ನಿಂತಿದ್ದವು. ಗಂಡಸರು ಗಂಟುಗಳ ಮೇಲೆ, ಮಡಚಿದ ಹಾಸಿಗೆಗಳ ಮೇಲೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಹಲವರ ಸೊಂಟಕ್ಕೆ ಚೌಕಳಿ ಬಟ್ಟೆ. ಕ್ಯಾಂಪಿನ ಅಡುಗೆಯ ಹೆಂಗಸರು ನಾಲ್ಕೈದು ಮಂದಿ ಆಗಲೇ ಬಸ್ಸಿನೊಳಗಿದ್ದರು. ಬಾಗಿಲ ಬಳಿ ಇಸ್ತ್ರಿ ಅಂಗಿಯ ಫೋರ್‌ಮನ್ ನಿಂತಿದ್ದ. ಕಾಂತಪ್ಪ ಅವನಿಗೆ ಅರಬಿಯಲ್ಲಿ ವಿಷಯ ಹೇಳಿದ.

ಫೋರ್‌ಮನ್ ಬುವಾಲೈಯನ್ನು ಕೇಳಿದ. ಅವಳು ತಲೆ ತಗ್ಗಿಸಿ, ಕೈ ಮುಗಿದು, ಕನ್ನಡಿಯ ಮುಂದೆ ಒಪ್ಪಿಸಿದ ಮಾತನ್ನು ಹೇಳಿದಳು. ಅವನು ಇನ್ನೊಂದು ಪ್ರಶ್ನೆ ಕೇಳಿದ. ಅದಕ್ಕೆ ಅವಳ ಬಳಿ ಒಪ್ಪಿಸಲು ಏನೂ ಇರಲಿಲ್ಲ. ಒಂದು ಶಬ್ದ ಹೇಳಿ ನಿಂತಳು, ತಿದ್ದಿಕೊಂಡಳು, ಮತ್ತೆ ನಿಂತಳು. ಅವನು ಜೋರಾಗಿ ಕೇಳಿದ. ಅವಳು ಕನ್ನಡಿಯ ಮುಂದಿನ ಮಾತನ್ನೇ ಮತ್ತೆ ಮೊದಲಿನಿಂದ ಒಪ್ಪಿಸಿದಳು.

ಫೋರ್‌ಮನ್ ಸುಗಂಧಿಯತ್ತ ನೋಡಿದ. ಅವನ ಇಂಗ್ಲಿಷು ಸುಗಂಧಿಯ ಇಂಗ್ಲಿಷಿನಷ್ಟೇ ಇತ್ತು. "ಮೇಡಂ, ಕಾಗದ ಇಲ್ಲ. ನೆನ್ನೆಯಿಂದ ಯಾರ್ಯಾರೋ ಬಂದು ನಾನು ಥಾಯ್ ಅಂತಾರೆ. ಗಡಿಯಲ್ಲಿ ನಾನು ಉತ್ತರ ಕೊಡಬೇಕು. ಒಬ್ಬರು ತಪ್ಪಾದರೂ ಬಸ್ಸು ಪೂರ್ತಿ ನಿಲ್ಲಿಸುತ್ತಾರೆ."

"ಇವಳು ನನ್ನ ಮನೆಯಲ್ಲಿದ್ದಾಳೆ. ಥಾಯ್ಲೆಂಡಿನವಳೇ. ನನಗೆ ಗೊತ್ತು."

"ಹೇಗೆ ಗೊತ್ತು?"

ಸುಗಂಧಿ ಬಾಯಿ ತೆರೆದಳು. ಅವಳಿಗೆ ಬುವಾಲೈ ಹೇಗೆ ನಿದ್ದೆ ಮಾಡುತ್ತಾಳೆಂದು ಗೊತ್ತಿತ್ತು, ಎಷ್ಟು ಖಾರ ತಿನ್ನುತ್ತಾಳೆ, ವಿಮಾನದ ಸದ್ದಿಗೆ ಹೇಗೆ ಮಗುವಿನ ಕಿವಿ ಮುಚ್ಚುತ್ತಾಳೆ ಎಂದು ಗೊತ್ತಿತ್ತು. ಅವಳ ದೇಶದ ಮಾತು ಇದು ಹೌದೋ ಅಲ್ಲವೋ ಎಂದು ಹೇಳಲು ಗೊತ್ತಿರಲಿಲ್ಲ.

"ಸಾರಿ ಮೇಡಂ."

ಬುವಾಲೈಗೆ ಆ ಶಬ್ದ ತಿಳಿದಿತ್ತು. ಅವಳು ಫೋರ್‌ಮನ್‌ಗೆ ಕೈ ಮುಗಿದು, ಪ್ಲಾಸ್ಟಿಕ್ ಚೀಲವನ್ನು ಎದೆಗೊತ್ತಿಕೊಂಡು, ಯಾರನ್ನೂ ನೋಡದೆ ವ್ಯಾನಿನ ಕಡೆ ನಡೆದಳು. ಸುಗಂಧಿಯ ಎದೆಯಲ್ಲಿ ಏನೋ ಹಗುರಾಯಿತು. ಮಧ್ಯಾಹ್ನ ಅನ್ನಕ್ಕೆ ಮೂರು ಪಾವು ಹಾಕಬೇಕು ಎಂದು ಮನಸ್ಸು ಆಗಲೇ ಎಣಿಸಿಬಿಟ್ಟಿತ್ತು. ತನ್ನ ಈ ಮನಸ್ಸನ್ನು ಯಾರಾದರೂ ಕಂಡರೋ ಎಂಬಂತೆ ಅವಳು ಮುಖ ತಗ್ಗಿಸಿದಳು.

ಅಷ್ಟರಲ್ಲಿ ಅಕ್ಷಯಾ ಕೈ ಬಿಡಿಸಿಕೊಂಡು ಓಡಿದಳು. ಬುವಾಲೈಯ ದಾರಿಗೆ ಅಡ್ಡ ನಿಂತು ಸೊಂಟದ ಮೇಲೆ ಕೈಯಿಟ್ಟು ಗದರಿದಳು.

"ಪೈ ಸೈ, ಈಲಾ? ಕಿನ್ ಖಾವ್ ಲೆವ್ ಬೋ?"

ಗಂಟಿನ ಮೇಲೆ ಕೂತಿದ್ದ ಒಬ್ಬ ಕಿಸಕ್ಕನೆ ನಕ್ಕ. ಅವನ ಪಕ್ಕದವನು ನಕ್ಕ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ, ಹಣೆಗೆ ಬೊಟ್ಟಿಟ್ಟ ಹುಡುಗಿ, ತನಗಿಂತ ಎರಡು ಪಟ್ಟು ಎತ್ತರದ ಹೆಂಗಸನ್ನು ಪುಟ್ಟೀ ಎಂದು ಕರೆದು, ಅನ್ನ ಉಂಡೆಯಾ ಎಂದು ಅಜ್ಜಿಯಂತೆ ವಿಚಾರಿಸುತ್ತಿದ್ದಳು. ನಗು ಶೆಡ್ಡಿನಿಂದ ಶೆಡ್ಡಿಗೆ ಹೋಯಿತು. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು.

ವಯಸ್ಸಾದ ಒಬ್ಬ ಬಂದು ಹುಡುಗಿಯ ಮುಂದೆ ಕುಕ್ಕುರು ಕೂತ. ಏನೋ ಕೇಳಿದ. ಅಕ್ಷಯಾ ಉತ್ತರ ಕೊಟ್ಟಳು. ಅವನು ತೊಡೆ ತಟ್ಟಿಕೊಂಡು ಹಿಂದಿದ್ದವರಿಗೆ ಕೂಗಿ ಹೇಳಿದ. ಇನ್ನೊಬ್ಬ ಅದನ್ನು ಅಣಕಿಸಿ, ಕೊನೆಯ ಅಕ್ಷರವನ್ನು ಇನ್ನಷ್ಟು ಎಳೆದು ತೋರಿಸಿದ. ಮತ್ತೆ ನಗು. ಮುದುಕ ಈಗ ತಲೆಯೆತ್ತಿ ಬುವಾಲೈಯನ್ನು ಅದೇ ಎಳೆತದಲ್ಲಿ ಕೇಳಿದ. ಅವಳು ಮೊದಲು ಫೋರ್‌ಮನ್ ಕಡೆ ನೋಡಿದಳು, ಅಂಗೈ ಮಡಚಿಕೊಂಡಳು. ಮುದುಕ ಇನ್ನೊಮ್ಮೆ ಕೇಳಿದ.

ಆಗ ಬುವಾಲೈ ಮಾತಾಡಿದಳು. ಮೊದಲು ಮೆಲ್ಲಗೆ, ಆಮೇಲೆ ನಿಲ್ಲಿಸಲಾರದೆ. ಅಳುತ್ತಲೂ ಮಾತಾಡಿದಳು. ಗಂಡಸರು "ಓ... ಓ..." ಎಂದು ತಲೆಯಾಡಿಸುತ್ತಿದ್ದರು. ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಏನೋ ಕೂಗಿದಳು. ಬುವಾಲೈ ಅವಳಿಗೂ ಉತ್ತರ ಕೊಟ್ಟಳು.

ಫೋರ್‌ಮನ್ ಸುಗಂಧಿಯ ಬಳಿ ಬಂದು ಕುತ್ತಿಗೆ ಒರೆಸಿಕೊಂಡ. "ನಾನು ಬ್ಯಾಂಕಾಕಿನವನು. ಇವರೆಲ್ಲ ಈಸಾನ್, ಈಶಾನ್ಯದ ಹಳ್ಳಿಗಳವರು. ಇವರ ಮಾತು ನನಗೆ ಅರ್ಧ ತಿಳಿಯುವುದಿಲ್ಲ. ಇವಳು ರೊಯ್ ಎಟ್ ಕಡೆಯವಳಂತೆ. ಅಲ್ಲಿಯವರು ಮಾತ್ರ ಹೀಗೆ ಎಳೆಯುತ್ತಾರಂತೆ. ಆ ಮುದುಕನ ಹೆಂಡತಿಯ ತವರು ಅವಳ ಪಕ್ಕದ ಹಳ್ಳಿ. ಹತ್ತಲಿ ಬಸ್ಸು." ಆಮೇಲೆ ಅಕ್ಷಯಾಳತ್ತ ಬೆರಳು ತೋರಿಸಿ ನಕ್ಕ. "ದೊಡ್ಡವಳ ಬಗ್ಗೆ ನನಗಿನ್ನೂ ಅನುಮಾನ. ಚಿಕ್ಕವಳು ಮಾತ್ರ ಖಂಡಿತ ಥಾಯ್. ಅವಳಿಗೊಂದು ಸೀಟು ಕೊಡಲಾ?"

ಸುಗಂಧಿ ನಗಬೇಕಾಗಿತ್ತು. ಮಗುವಿನ ಭುಜ ಹಿಡಿದು ತನ್ನ ಕಡೆ ಎಳೆದುಕೊಂಡಳು.

ಹೊರಡುವ ಗಡಿಬಿಡಿಯಲ್ಲಿ ಬುವಾಲೈ ಓಡಿ ಬಂದಳು. ಅಕ್ಷಯಾಳ ಕೆನ್ನೆಗೆ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡಳು, ಎರಡೂ ಕೆನ್ನೆಗೆ, ಅವಳ ಊರಿನವರು ಮಕ್ಕಳಿಗೆ ಮುತ್ತಿಡುವ ಹಾಗೆ. ಸುಗಂಧಿಯ ಎರಡೂ ಕೈ ಹಿಡಿದು ತನ್ನ ಮಾತಿನಲ್ಲೇ ತುಂಬ ಹೇಳಿದಳು. ಸುಗಂಧಿ ಹೂಂ, ಹೂಂ ಎಂದಳು. ಕೊನೆಗೆ, ತನಗೆ ಗೊತ್ತಿದ್ದವುಗಳಲ್ಲಿ ಆ ಹೊತ್ತಿಗೆ ಒದಗಿದ ಒಂದೇ ಶಬ್ದವನ್ನು ಹೇಳಿದಳು. "ಯಲ್ಲಾ."

ಬಸ್ಸಿನಲ್ಲಿ ಬುವಾಲೈಗೆ ಅಡುಗೆಯ ಹೆಂಗಸರ ನಡುವೆ ಜಾಗ ಸಿಕ್ಕಿತು. ಕಿಟಕಿಯಲ್ಲಿ ಕಾಣುತ್ತಿತ್ತು. ಕೈ ಆಡಿಸುತ್ತ ಏನೋ ವರ್ಣಿಸುತ್ತಿದ್ದಳು. ಉಳಿದವರು ಬಾಯಿ ಬಿಟ್ಟು ಕೇಳುತ್ತಿದ್ದರು. ಒಮ್ಮೆ ತಲೆ ಹಿಂದಕ್ಕೆಸೆದು ಗಟ್ಟಿಯಾಗಿ ನಕ್ಕಳು. ಆ ನಗು ಹೊರಗಿನವರೆಗೂ ಕೇಳಿಸಿತು. ಬುವಾಲೈ ಇಷ್ಟೊಂದು ಮಾತಿನವಳು, ನಾಲ್ಕು ಜನರನ್ನು ಕೂಡಿಸಿಕೊಂಡು ನಗಿಸುವವಳು ಎಂದು ಸುಗಂಧಿಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ತನ್ನ ಅಡುಗೆಮನೆಯಲ್ಲಿ ಇದ್ದವಳು ಬೇರೆ ಯಾರೋ. ಬಸ್ಸು ತಿರುಗುವಾಗ ಬುವಾಲೈಗೆ ಇವರ ನೆನಪಾಯಿತು. ಕಿಟಕಿಯಿಂದ ಕೈ ಹೊರಹಾಕಿ ಬೀಸಿದಳು. ಧೂಳು ಎದ್ದಿತು.

ಅಕ್ಷಯಾ ಅಳಲಿಲ್ಲ. ಖಾಲಿಯಾದ ಶೆಡ್ಡುಗಳನ್ನು ನೋಡುತ್ತ ನಿಂತಿದ್ದಳು. ಅವಳ ಬಾಯಿ ತೆರೆಯಿತು, ಮುಚ್ಚಿತು.

ಹಿಂತಿರುಗುವಾಗ ಕಾಂತಪ್ಪ ತುಳುವಿನಲ್ಲಿ ಮಾತಾಡುತ್ತಲೇ ಇದ್ದ. "ಭಾರೀ ಬಾಲೆ ಅಕ್ಕ ನಿಮ್ಮದು! ನಮ್ಮ ಬಸ್ಸಿಗೂ ಇವಳನ್ನೇ ಮುಂದೆ ನಿಲ್ಲಿಸಬೇಕು." ಆಮೇಲೆ ದನಿ ತಗ್ಗಿಸಿ, ಗಡಿಯಲ್ಲಿ ಹೆಂಗಸರು ಮಕ್ಕಳೆಂದು ನೋಡದೆ ಬಿಸಿಲಿನಲ್ಲಿ ನಿಲ್ಲಿಸುತ್ತಾರೆಂದೂ, ಜನ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಿದ್ದಾರೆಂದೂ ಹೇಳಿದ. ಸುಗಂಧಿ ಹೌದಾ ಎಂದಳು. ಬಸ್ಸು ಎಂಬ ಶಬ್ದ ಬಂದಾಗಲೆಲ್ಲ ತೊಡೆಯ ಮೇಲಿದ್ದ ಮಗುವಿನ ಮೈ ಸ್ವಲ್ಪ ಬಿಗಿಯಾಗುತ್ತಿತ್ತು.

ಚೆಕ್‌ಪೋಸ್ಟಿನಲ್ಲಿ ಈ ಸಲ ಬೇರೆ ಸೈನಿಕನಿದ್ದ. ಕಾಂತಪ್ಪನನ್ನು ಇಳಿಸಿ ಆಚೆ ಕರೆದುಕೊಂಡು ಹೋದ. ಇಂಜಿನ್ ನಿಂತ ಮೇಲೆ ವ್ಯಾನಿನೊಳಗೆ ಸದ್ದೇ ಇರಲಿಲ್ಲ. ದೂರದಲ್ಲಿ ಸಮುದ್ರದ ಒಂದು ಬಿಳಿಯ ಗೆರೆ ಕಾಣುತ್ತಿತ್ತು. ಕಾಂತಪ್ಪ ಕೈ ಕಟ್ಟಿ ನಿಂತು ತಲೆಯಾಡಿಸುತ್ತಿದ್ದ. ಸುಗಂಧಿ ಮಗುವಿನ ಜಡೆಯ ತುದಿ ಹಿಡಿದು ಕೂತಿದ್ದಳು. ಬೆಳಿಗ್ಗೆಯಿಂದ ಹುಡುಗಿಯ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಗ ನೆನಪಾಯಿತು.

"ಬಡವಾಪುಂಡಾ ಮಗಾ?"

ಹಸಿವಾಗುತ್ತದಾ ಎಂದು ಕೇಳಿದ್ದು. ತುಳುವಿನಲ್ಲಿ ಬಂದದ್ದು ಅವಳಿಗೇ ತಿಳಿಯಲಿಲ್ಲ.

ಅಕ್ಷಯಾ ತಿರುಗಿ ವ್ಯಾನಿನ ಹಿಂಭಾಗವನ್ನು ನೋಡಿದಳು, ಅಮ್ಮ ಯಾರನ್ನು ಮಾತಾಡಿಸುತ್ತಿದ್ದಾಳೆಂದು. ಖಾಲಿ ತಟ್ಟೆಗಳಲ್ಲದೆ ಅಲ್ಲಿ ಯಾರೂ ಇರಲಿಲ್ಲ. ಅವಳು ಮತ್ತೆ ತಾಯಿಯ ಮುಖಕ್ಕೆ ತಿರುಗಿದಳು. ಈ ಸಲ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇಂಗ್ಲಿಷು ಬಿಟ್ಟು, ಕನ್ನಡದ ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ ಕೇಳಿದಳು.

"ಅಮ್ಮಾ, ನಮ್ಮ ಬಸ್ಸು ಬಂದಾಗ, ನೀನು ಯಾರು ಅಂತ ಅವರು ಕೇಳಿದ್ರೆ... ನಾನು ಯಾವ ಮಾತು ಆಡ್ಬೇಕು?"